ಏರಿನಲ್ಲಿ ಎಳೆಯದ ಕಾರು: ಎಂಜಿನ್ನಿನ ಬಲ ಕುಂದಿದಾಗ ಕಾರಣ ಹುಡುಕುವ ಕ್ರಮ

ಉಜಿರೆಯಿಂದ ಕೊಟ್ಟಿಗೆಹಾರದ ಕಡೆಗೆ ಚಾರ್ಮಾಡಿ ಘಾಟಿ ಹತ್ತುವಾಗ ಮೂರನೆಯ ಗೇರಿನಲ್ಲಿಯೇ ಸಲೀಸಾಗಿ ಏರುತ್ತಿದ್ದ ನನ್ನ 1.3 ಲೀಟರಿನ ಟರ್ಬೊ ಡೀಸೆಲ್ ಕಾರು, ಒಂದು ಮಳೆಗಾಲದ ಕೊನೆಯಲ್ಲಿ ಎರಡನೆಯ ಗೇರಿಗೆ ಇಳಿಸಿದರೂ ಏದುಸಿರು ಬಿಡತೊಡಗಿತು. ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೂ ವೇಗ ಏರುತ್ತಿರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದೆಲ್ಲ ಕಪ್ಪು ಹೊಗೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದ ಮೆಕ್ಯಾನಿಕ್ ಪಿ0299 ಎಂಬ ಕೋಡನ್ನು ತೋರಿಸಿ, ಟರ್ಬೊ ಹೋಗಿದೆ, ಹೊಸದನ್ನೇ ಹಾಕಬೇಕು ಎಂದರು. ಹೋಗಿದ್ದದ್ದು, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಆ ಟರ್ಬೊ ಆಗಿರಲಿಲ್ಲ. ಏನು ಹೋಗಿತ್ತೆಂಬುದನ್ನು ಮುಂದೆ ಅದರ ಜಾಗದಲ್ಲಿ ಹೇಳುತ್ತೇನೆ. ‘ಪಿಕಪ್ ಇಲ್ಲ’, ‘ಗಾಡಿ ಎಳೆಯುತ್ತಿಲ್ಲ’ ಎಂದು ಗ್ಯಾರೇಜಿಗೆ ಹೋದವರು ಒಂದರ ಹಿಂದೊಂದು ಭಾಗ ಬದಲಿಸಿ ಸಾವಿರಾರು ರೂಪಾಯಿ ಕಳೆದುಕೊಂಡು, ಕೊನೆಗೂ ಅದೇ ಸ್ಥಿತಿಯ ಕಾರಿನಲ್ಲಿ ಮನೆಗೆ ಮರಳುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ಅಳೆದು ನೋಡದೆ ಯಾವ ಭಾಗವನ್ನೂ ಬದಲಿಸಬಾರದು ಎಂಬುದೇ ಈ ಲೇಖನದ ಒತ್ತಾಯ. ಅಳೆಯುವುದು ಹೇಗೆ, ಯಾವುದರ ನಂತರ ಯಾವುದನ್ನು ನೋಡಬೇಕು ಎಂಬುದನ್ನು ಕ್ರಮವಾಗಿ ಬರೆಯುತ್ತೇನೆ.

ಮೊದಲು ಪ್ರಶ್ನೆ: ಬಲ ಕುಂದುವುದು ಯಾವಾಗ?

ಬಾನೆಟ್ ಎತ್ತುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ತೊಂದರೆ ಒಮ್ಮೆಲೇ ಬಂದಿತೋ, ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯಿತೋ? ಎಂಜಿನ್ ತಣ್ಣಗಿರುವಾಗಲೋ, ಬಿಸಿಯಾದ ಮೇಲೋ? 2,000 ಆರ್‌ಪಿಎಂ ಒಳಗೆ ಸೊರಗುತ್ತದೆಯೋ, 3,000 ದಾಟುವಾಗ ಗೋಡೆಗೆ ತಾಗಿದಂತೆ ನಿಲ್ಲುತ್ತದೆಯೋ? ಎಂಜಿನ್ ಆರಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸರಿಹೋಗುತ್ತದೆಯೋ? ಹೊಗೆಯ ಬಣ್ಣ ಯಾವುದು? ಇತ್ತೀಚೆಗೆ ಯಾವುದಾದರೂ ರಿಪೇರಿ ಆಗಿದೆಯೋ, ಹೊಸ ಬಂಕಿನಲ್ಲಿ ಇಂಧನ ಹಾಕಿಸಿದ್ದೀರೋ, ನೀರು ನಿಂತ ರಸ್ತೆ ದಾಟಿದ್ದೀರೋ?

ಈ ಉತ್ತರಗಳೇ ಅರ್ಧ ಕೆಲಸ ಮುಗಿಸುತ್ತವೆ. ಆರಿಸಿ ಸ್ಟಾರ್ಟ್ ಮಾಡಿದರೆ ಸರಿಹೋಗುವ ಕಾರನ್ನು ಅದರ ಕಂಪ್ಯೂಟರೇ, ಅಂದರೆ ಇಸಿಯು, ಎಂಜಿನ್ನಿನ ರಕ್ಷಣೆಗಾಗಿ ಬಲ ಕಡಿತಗೊಳಿಸಿ ‘ಲಿಂಪ್ ಮೋಡ್’ಗೆ ಹಾಕುತ್ತಿದೆ ಎಂದು ಊಹಿಸಬಹುದು. ಕಪ್ಪು ಹೊಗೆ ಎಂದರೆ ಹೋದ ಇಂಧನಕ್ಕೆ ಸಾಕಾಗುವಷ್ಟು ಗಾಳಿ ಸಿಕ್ಕಿಲ್ಲ; ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಬಲವೂ ಇಲ್ಲದೆ ಹೊಗೆಯೂ ಇಲ್ಲದ ಡೀಸೆಲ್ ಎಂಜಿನ್ನಿಗೆ ಇಂಧನವೇ ಸಾಲುತ್ತಿಲ್ಲದಿರಬಹುದು. ಹೊಗೆಯ ಮಸಿಯನ್ನು ತಡೆಯುವ ಡಿಪಿಎಫ್ ಎಂಬ ಫಿಲ್ಟರ್ ಇರುವ ಬಿಎಸ್-6 (ಬಿಎಸ್ ಎಂದರೆ ವಾಹನಗಳ ಹೊಗೆಗೆ ಸರ್ಕಾರ ಹಾಕಿದ ಮಿತಿಯ ಮಟ್ಟ) ಕಾರುಗಳಲ್ಲಿ ಮಾತ್ರ ಈ ಹೊಗೆಯ ಲಕ್ಷಣವನ್ನು ನಂಬಲಾಗದು.

ರೋಗವಲ್ಲದ್ದನ್ನು ರೋಗವೆಂದು ತಿಳಿಯುವ ಪ್ರಸಂಗವೂ ಇದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್, ಸಮುದ್ರಮಟ್ಟದಿಂದ ಪ್ರತಿ 1,000 ಮೀಟರ್ ಮೇಲೇರಿದಂತೆ ಗಾಳಿ ತೆಳುವಾಗುವ ಕಾರಣ ಸುಮಾರು ಶೇಕಡ 10ರಷ್ಟು ಬಲ ಕಳೆದುಕೊಳ್ಳುತ್ತದೆ. ಮಂಗಳೂರಿನಲ್ಲಿ ಚುರುಕಾಗಿದ್ದ ಸಣ್ಣ ಕಾರು ಮಡಿಕೇರಿಯಲ್ಲಿ ಐದು ಜನ ಕುಳಿತು ಎಸಿ ಹಾಕಿದಾಗ ಸೋತಂತೆ ಕಂಡರೆ ಅದು ಪ್ರಕೃತಿಯ ನಿಯಮ, ರಿಪೇರಿಯ ವಿಷಯವಲ್ಲ.

ಒಂದನೆಯ ಹೆಜ್ಜೆ: ತಪ್ಪು ಎಂಜಿನ್ನಿನದೇ ಹೌದೇ?

ಎಂಜಿನ್ ಸರಿಯಾಗಿದ್ದು ಅದರ ಬಲ ಚಕ್ರಕ್ಕೆ ತಲುಪದಿರುವುದು ಸಾಮಾನ್ಯ. ಖಾಲಿ ರಸ್ತೆಯಲ್ಲಿ ನಾಲ್ಕನೆಯ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಆಕ್ಸಿಲರೇಟರನ್ನು ಪೂರ್ತಿ ಒತ್ತಿರಿ. ಆರ್‌ಪಿಎಂ ಮುಳ್ಳು ಸರ್ರನೆ ಮೇಲೇರಿ ವೇಗ ಮಾತ್ರ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಸುಟ್ಟ ವಾಸನೆಯೂ ಬರಬಹುದು. ಅಲ್ಲಿಗೆ ಹುಡುಕಾಟ ಮುಗಿಯಿತು.

ಬಳಿಕ ಬ್ರೇಕ್ ಹಿಡಿದಿದೆಯೇ ನೋಡಿ. ಹತ್ತು ಕಿಲೋಮೀಟರ್ ಓಡಿಸಿ, ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ, ನಾಲ್ಕೂ ಚಕ್ರಗಳ ಬಳಿ ಅಂಗೈ ಒಡ್ಡಿ. ಒಂದು ಚಕ್ರ ಮಾತ್ರ ಬೆಂಕಿಯಂತೆ ಕಾದಿದ್ದರೆ ಅದರ ಕ್ಯಾಲಿಪರ್ ಅಂಟಿಕೊಂಡಿದೆ ಎಂದೇ ಲೆಕ್ಕ. ರಿಮ್ಮನ್ನು ನೇರವಾಗಿ ಮುಟ್ಟಬೇಡಿ, ಕೈ ಸುಡುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸಿದ ಕಾರುಗಳಲ್ಲಿ ಇದನ್ನು ಹೆಚ್ಚಾಗಿ ಕಾಣುತ್ತೇವೆ. ಟೈರಿನ ಗಾಳಿಯನ್ನೂ ನೋಡಿಬಿಡಿ.

ಮೂರನೆಯದನ್ನು ಹೇಳಿದರೆ ಕೆಲವರು ನಂಬುವುದಿಲ್ಲ. ದಪ್ಪ ರಬ್ಬರ್ ಮ್ಯಾಟ್ ಮುಂದಕ್ಕೆ ಸರಿದು ಆಕ್ಸಿಲರೇಟರ್ ಪೆಡಲಿನ ಕೆಳಗೆ ಸಿಕ್ಕಿಕೊಂಡರೆ ಪೆಡಲ್ ಮುಕ್ಕಾಲು ಭಾಗವಷ್ಟೇ ಇಳಿಯುತ್ತದೆ. ಮ್ಯಾಟ್ ತೆಗೆದು ಓಡಿಸಿ ನೋಡಿ. ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಎರಡನೆಯ ಹೆಜ್ಜೆ: ಸ್ಕ್ಯಾನರ್, ಮತ್ತು ಅದನ್ನು ಓದುವ ರೀತಿ

ಭಾರತದಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್-4 ಕಾರುಗಳಿಗೆ ಒಬಿಡಿ-2, ಅಂದರೆ ಕಾರು ತನ್ನ ದೋಷವನ್ನು ತಾನೇ ಗುರುತಿಸಿ ಕೋಡಿನ ರೂಪದಲ್ಲಿ ದಾಖಲಿಸುವ ವ್ಯವಸ್ಥೆ, ಕಡ್ಡಾಯವಾಯಿತು. ಸ್ಟೇರಿಂಗಿನ ಕೆಳಗೆ, ಎರಡು ಸಾಲಿನಲ್ಲಿ ಒಟ್ಟು 16 ಪಿನ್ನುಗಳಿರುವ ಸಾಕೆಟ್ ಅದರದು. ಇಎಲ್‌ಎಂ327 ಮಾದರಿಯ ಬ್ಲೂಟೂತ್ ಅಡಾಪ್ಟರ್ ಒಂದನ್ನು ಅಲ್ಲಿ ಸಿಕ್ಕಿಸಿ ಮೊಬೈಲಿನಲ್ಲಿ ಆ್ಯಪ್ ತೆರೆದರೆ ಬಹುತೇಕ ಕಾರುಗಳ ಮುಖ್ಯ ಅಂಕಿಗಳನ್ನು ಮಾಲೀಕರೇ ಓದಬಹುದು. ಈ ಸಣ್ಣ ಸಾಧನವನ್ನು ಕೊಳ್ಳುವಂತೆ ನಾನು ಎಲ್ಲರಿಗೂ ಹೇಳುತ್ತೇನೆ.

ಕೋಡುಗಳು ಕಂಡರೆ ಅಳಿಸುವ ಆತುರ ಬೇಡ. ಕೋಡ್ ದಾಖಲಾದ ಕ್ಷಣದ ಆರ್‌ಪಿಎಂ, ವೇಗ, ಕೂಲಂಟಿನ ಬಿಸಿ, ಎಂಜಿನ್ನಿನ ಮೇಲಿದ್ದ ಹೊರೆ ಇವೆಲ್ಲ ‘ಫ್ರೀಜ್ ಫ್ರೇಮ್’ ಎಂಬ ಹೆಸರಿನಲ್ಲಿ ಉಳಿದಿರುತ್ತವೆ. ಕೋಡ್ ಅಳಿಸಿದರೆ ಅವೂ ಅಳಿಯುತ್ತವೆ. ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ.

ಕೋಡ್ ಎಂಬುದು ತೀರ್ಪಲ್ಲ, ದೂರು ಮಾತ್ರ. ಪಿ0299 ಎಂದರೆ ಟರ್ಬೊ ಒತ್ತಡ ಇರಬೇಕಾದಷ್ಟು ಇಲ್ಲ ಎಂದಷ್ಟೇ ಅರ್ಥ. ಟರ್ಬೊ ಕೆಟ್ಟಿದೆ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಪಿ0087 ಡೀಸೆಲ್ ರೇಲಿನಲ್ಲಿ, ಅಂದರೆ ಸಿಲಿಂಡರುಗಳಿಗೆ ಡೀಸೆಲ್ ಹಂಚುವ ಅಧಿಕ ಒತ್ತಡದ ಕೊಳವೆಯಲ್ಲಿ, ಒತ್ತಡ ಕಡಿಮೆ ಎಂದು ಹೇಳುತ್ತದೆ, ಅದಕ್ಕೆ ಪಂಪೇ ಕಾರಣವೆಂದಲ್ಲ. ಪಿ0171 ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗಿದೆ ಎನ್ನುತ್ತದೆ. ಸೋರುವ ಗಾಳಿಪೈಪೂ ಕಾರಣವಾಗಬಹುದು, ಸೋತ ಪೆಟ್ರೋಲ್ ಪಂಪೂ ಆಗಬಹುದು. ಪಿ0301ರಿಂದ ಪಿ0304ರವರೆಗಿನವು ಯಾವ ಸಿಲಿಂಡರಿನಲ್ಲಿ ಮಿಸ್ಸಿಂಗ್, ಅಂದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ, ಎಂಬುದನ್ನು ಹೇಳುತ್ತವೆ, ಏಕೆ ಎಂಬುದನ್ನು ಹೇಳುವುದಿಲ್ಲ.

ಈಗ ಒಂದು ಸರಳ ಪರೀಕ್ಷೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಮ್ಯಾನಿಫೋಲ್ಡ್ ಒತ್ತಡವನ್ನು ಅಂದರೆ ಮ್ಯಾಪ್ ಸೆನ್ಸರಿನ ಅಂಕಿಯನ್ನು ಓದಿರಿ. ಆಗ ಒಳಗಿರುವುದು ಹೊರಗಿನ ಗಾಳಿಯೇ ಆದ್ದರಿಂದ ಕರಾವಳಿಯಲ್ಲಿ ಸುಮಾರು 101 ಕಿಲೋಪಾಸ್ಕಲ್, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 91 ತೋರಿಸಬೇಕು. ಅಂಕಿ ಬಹಳ ಬೇರೆಯಾಗಿದ್ದರೆ ಸೆನ್ಸರೇ ಸುಳ್ಳು ಹೇಳುತ್ತಿದೆ. ಸರಿಯಾಗಿದ್ದರೆ ಅದನ್ನು ನಂಬಿ ಮುಂದುವರಿಯಿರಿ. ಆಮೇಲೆ ಸಂಚಾರ ವಿರಳವಾಗಿರುವ ಏರೊಂದರಲ್ಲಿ, ಮೂರನೆಯ ಗೇರಿನಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿ 2,000ದಿಂದ 3,500 ಆರ್‌ಪಿಎಂವರೆಗೆ ಏರಿಸುವಾಗ ಅದೇ ಅಂಕಿಯನ್ನು ದಾಖಲಿಸಿ. ಆರೋಗ್ಯವಂತ ಸಣ್ಣ ಟರ್ಬೊ ಡೀಸೆಲ್ಲಿನಲ್ಲಿ ಅದು 200 ಕಿಲೋಪಾಸ್ಕಲ್ಲಿನ ಆಸುಪಾಸಿಗೆ ಅಥವಾ ಅದಕ್ಕೂ ಮೇಲಕ್ಕೆ ಹೋಗುತ್ತದೆ. ಮೊಬೈಲನ್ನು ಪಕ್ಕದ ಸೀಟಿನವರೇ ನೋಡಲಿ, ಓಡಿಸುವವರು ರಸ್ತೆಯನ್ನಷ್ಟೇ ನೋಡಲಿ. ಲಾರಿಗಳು ಸಾಲುಗಟ್ಟುವ ಶಿರಾಡಿ ಘಾಟಿಯಂಥ ಹೆದ್ದಾರಿ ಈ ಪರೀಕ್ಷೆಗೆ ಖಂಡಿತ ತಕ್ಕ ಜಾಗವಲ್ಲ.

ಮೂರನೆಯ ಹೆಜ್ಜೆ: ಗಾಳಿಯ ದಾರಿ

ನನ್ನ ಅನುಭವದಲ್ಲಿ ಟರ್ಬೊ ಕಾರುಗಳ ಹೆಚ್ಚಿನ ದೂರುಗಳಿಗೆ ಉತ್ತರ ಇಲ್ಲಿಯೇ ಸಿಗುವುದರಿಂದ ಇಲ್ಲಿ ಸಮಯ ಕೊಡಿ. ಗಾಳಿ ಫಿಲ್ಟರ್ ಡಬ್ಬಿಯಿಂದ ಹೊರಟು ಟರ್ಬೊಗೆ, ಅಲ್ಲಿಂದ ಬಿಸಿಯಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುತ್ತದೆ. ನೀವೂ ಅದೇ ದಾರಿಯಲ್ಲಿ ಸಾಗಿರಿ.

ಫಿಲ್ಟರನ್ನು ಹೊರತೆಗೆದು ಬಿಸಿಲಿಗೆ ಹಿಡಿದರೆ ಮಡಿಕೆಗಳ ನಡುವೆ ಬೆಳಕು ಕಾಣಬೇಕು. ಎರೆಭೂಮಿಯ ದೂಳಿನ ರಸ್ತೆಗಳಲ್ಲಿ ಓಡುವ ಕಾರುಗಳಿಗೆ ಕೈಪಿಡಿಯಲ್ಲಿ ಹೇಳಿದ ದೂರದ ಅರ್ಧಕ್ಕೇ ಫಿಲ್ಟರ್ ಬದಲಿಸಬೇಕಾಗುತ್ತದೆ. ಮಲೆನಾಡಿನಲ್ಲಿ ಡಬ್ಬಿಯ ಒಳಗೂ ಇಣುಕಿ ನೋಡಿ. ತೆಂಗಿನ ನಾರು, ಅಡಿಕೆ ಸಿಪ್ಪೆ ತಂದು ಇಲಿ ಅಲ್ಲಿ ಗೂಡು ಕಟ್ಟಿರುತ್ತದೆ. ಆದರೆ ಫಿಲ್ಟರ್ ಒಂದರಿಂದಲೇ ಅರ್ಧದಷ್ಟು ಬಲ ಹೋಗುವುದು ಅಪರೂಪ.

ನಂತರ ಟರ್ಬೊದಿಂದ ಎಂಜಿನ್ನಿನವರೆಗಿನ ದಪ್ಪ ರಬ್ಬರ್ ಪೈಪುಗಳು. ನನ್ನ ಕಾರಿನ ಕಳ್ಳ ಸಿಕ್ಕಿದ್ದು ಇಲ್ಲಿಯೇ. ಎಂಜಿನ್ ಆರಿರುವಾಗ ಈ ಪೈಪಿನಲ್ಲಿ ಒತ್ತಡವಿರುವುದಿಲ್ಲ, ಐಡಲಿನಲ್ಲಿಯೂ ಹೆಚ್ಚಿರುವುದಿಲ್ಲ; ಆದ್ದರಿಂದ ಗ್ಯಾರೇಜಿನಲ್ಲಿ ನಿಂತ ಕಾರಿನಲ್ಲಿ ಏನೂ ಕಾಣುವುದಿಲ್ಲ. ಏರಿನಲ್ಲಿ ಮಾತ್ರ ಟರ್ಬೊದ ಸಿಳ್ಳಿನ ಜೊತೆಗೆ ‘ಬುಸ್ಸ್’ ಎಂಬ ಇನ್ನೊಂದು ಸದ್ದು ಕೇಳುತ್ತಿತ್ತು. ಎಂಜಿನ್ನಿನ ಉಸಿರುಕೊಳವೆಯಿಂದ ಬರುವ ಆಯಿಲಿನ ಆವಿ ಈ ಪೈಪುಗಳ ಒಳಗೆ ತೆಳುವಾಗಿ ಹರಡಿರುತ್ತದೆ, ಎಲ್ಲಿ ಸೀಳಿದೆಯೋ ಅಲ್ಲಿಂದ ಗಾಳಿಯೊಂದಿಗೆ ಹೊರಬಿದ್ದು ದೂಳು ಹಿಡಿಯುತ್ತದೆ. ಹಾಗಾಗಿ ಪೈಪುಗಳನ್ನೆಲ್ಲ ಒರೆಸಿ ಒಣಗಿಸಿ, ಹತ್ತು ಕಿಲೋಮೀಟರ್ ಏರಿನಲ್ಲಿ ಓಡಿಸಿ ಬಂದು, ಟಾರ್ಚ್ ಹಿಡಿದು ನೋಡಿದೆ. ಇಂಟರ್‌ಕೂಲರಿನಿಂದ ಮೇಲೆ ಬರುವ ಪೈಪಿನ ತಳಭಾಗದಲ್ಲಿ, ಒಂದು ಕಬ್ಬಿಣದ ಪಟ್ಟಿಗೆ ಉಜ್ಜಿ ಸವೆದ ಜಾಗದಲ್ಲಿ, ಹೊಸ ಆಯಿಲಿನ ಹೊಳೆಯುವ ಗೆರೆಯೊಂದು ಕಂಡಿತು. ಪೈಪನ್ನು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದಾಗ ಹೆಬ್ಬೆರಳ ಉಗುರಿನಷ್ಟು ಉದ್ದದ ಸೀಳು ಬಾಯಿ ತೆರೆಯಿತು, ಬಿಟ್ಟಾಗ ಮುಚ್ಚಿಕೊಂಡಿತು. ಒಂದು ತಿಂಗಳಿನಿಂದ ಕಾಡಿದ್ದು ಅಷ್ಟೇ ಉದ್ದದ ಸೀಳು.

ಇದಕ್ಕೆ ಟೇಪ್ ಸುತ್ತಿದರೆ ಮೊದಲ ಏರಿನಲ್ಲಿಯೇ ಕಿತ್ತುಬರುತ್ತದೆ. ಹೊಸ ಪೈಪ್ ಹಾಕಿ. ಹಾಕುವ ಮುನ್ನ ಪೈಪ್ ಕೂರುವ ಬಾಯಿಯಲ್ಲಿರುವ ಆಯಿಲನ್ನು ಪೂರ್ತಿ ಒರೆಸಿ, ಇಲ್ಲದಿದ್ದರೆ ಒತ್ತಡ ಬಂದಾಗ ಪೈಪ್ ಜಾರಿ ಕಳಚುತ್ತದೆ. ಹಳೆಯ ಕ್ಲ್ಯಾಂಪ್ ಸಡಿಲವಾಗಿದ್ದರೆ ಅದನ್ನೂ ಬದಲಿಸಿ. ಉಜ್ಜಿದ್ದ ಪಟ್ಟಿಯನ್ನು ಸರಿಸದೆ ಬಿಟ್ಟರೆ ಹೊಸ ಪೈಪಿಗೂ ಅದೇ ಗತಿ. ಸೀಳು ಕಣ್ಣಿಗೆ ಬೀಳದಿದ್ದರೆ, ಪೈಪಿನ ಬಾಯಿಗಳನ್ನು ಮುಚ್ಚಿ ಅರ್ಧ ಬಾರ್ ಮೀರದಂತೆ ಗಾಳಿ ತುಂಬಿ ಸೋಪಿನ ನೀರು ಸಿಂಪಡಿಸುವ ಪರೀಕ್ಷೆಯನ್ನು ಗ್ಯಾರೇಜಿನಲ್ಲಿ ಮಾಡಿಸಿ.

ಪೈಪುಗಳು ಗಟ್ಟಿಯಾಗಿದ್ದರೆ ಮಾತ್ರ ಟರ್ಬೊದತ್ತ ನೋಡಿ, ಅಲ್ಲಿಯೂ ಮೊದಲು ಅದರ ಒತ್ತಡವನ್ನು ನಿಯಂತ್ರಿಸುವ ಆ್ಯಕ್ಚುಯೇಟರಿಗೆ ಹೋಗುವ ಪೆನ್ಸಿಲಿಗಿಂತ ಸಣ್ಣ ವ್ಯಾಕ್ಯೂಮ್ ಪೈಪನ್ನು. ಎಂಜಿನ್ನಿನ ಬಿಸಿಗೆ ಒಣಗಿ ಬಿರುಕು ಬಿಡುವುದು ಅದರ ಸ್ವಭಾವ. ಎಂಜಿನ್ ತಣ್ಣಗಿದ್ದು ಆರಿರುವಾಗ ಟರ್ಬೊದ ಒಳಬಾಯಿಯ ಪೈಪ್ ಬಿಚ್ಚಿ ಗಾಳಿಚಕ್ರವನ್ನು ಬೆರಳಿನಿಂದ ತಿರುಗಿಸಿ. ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಡುವುದು ಸಹಜ. ಆದರೆ ಹಿಂದೆ ಮುಂದೆ ಎಳೆದಾಡಿದಾಗ ಕೈಗೆ ತಿಳಿಯುವಷ್ಟು ಆಡಿದರೆ, ರೆಕ್ಕೆಗಳು ಗೋಡೆಗೆ ತಾಗಿದ ಗೀರುಗಳಿದ್ದರೆ ಟರ್ಬೊ ನಿಜವಾಗಿಯೂ ಹೋಗಿದೆ. ಆಗಲೂ ಅದಕ್ಕೆ ಆಯಿಲ್ ತರುವ ಕೊಳವೆ ಕಟ್ಟಿದೆಯೇ ಎಂದು ನೋಡದೆ ಹೊಸ ಟರ್ಬೊ ಹಾಕಿಸಬೇಡಿ, ಅದೂ ಬಾಳುವುದಿಲ್ಲ.

ಗಾಳಿಯ ದಾರಿಯಲ್ಲಿ ಇನ್ನೆರಡು ಠಾಣೆಗಳಿವೆ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಮಸಿ ಕಟ್ಟಿ ತೆರೆದೇ ಉಳಿದರೆ ಕಡಿಮೆ ಆರ್‌ಪಿಎಂನಲ್ಲಿ ಕಾರು ಸೊರಗಿ ಕಪ್ಪು ಹೊಗೆ ಬಿಡುತ್ತದೆ. ಬಿಚ್ಚಿ ತೊಳೆದು ಹೊಸ ಗ್ಯಾಸ್ಕೆಟ್ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಒಳಬರುವ ಗಾಳಿಯನ್ನು ಅಳೆಯುವ ಮಾಫ್ ಸೆನ್ಸರಿನ ತಂತಿ ಅತಿ ನವುರು. ಅದಕ್ಕೆಂದೇ ಸಿಗುವ ಸ್ಪ್ರೇಯನ್ನು ಮಾತ್ರ ಬಳಸಿ, ಬಟ್ಟೆಯನ್ನಾಗಲಿ ಬೆರಳನ್ನಾಗಲಿ ತಾಗಿಸಬೇಡಿ.

ನಾಲ್ಕನೆಯ ಹೆಜ್ಜೆ: ಇಂಧನ

ಡೀಸೆಲ್ ಕಾರಿನಲ್ಲಿ ಮೊದಲು ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ಗಾಜಿನ ಲೋಟಕ್ಕೆ ಸ್ವಲ್ಪ ಇಳಿಸಿ, ಹತ್ತು ನಿಮಿಷ ಬಿಡಿ. ನೀರಿದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಫಿಲ್ಟರ್ ಹಳೆಯದಾಗಿದ್ದರೆ ಬದಲಿಸಿ. ಬದಲಿಸಿದ ಮೇಲೆ ಗಾಳಿ ಹೊರಹೋಗುವವರೆಗೆ ಪ್ರೈಮ್ ಮಾಡುವುದನ್ನು ಮರೆಯಬೇಡಿ. ಸ್ಕ್ಯಾನರಿನಲ್ಲಿ ರೇಲ್ ಒತ್ತಡದ ಎರಡು ಅಂಕಿಗಳು ಸಿಕ್ಕರೆ, ಅಂದರೆ ಇಸಿಯು ಕೇಳಿದ್ದು ಮತ್ತು ನಿಜವಾಗಿ ದೊರೆತದ್ದು, ಏರಿನಲ್ಲಿ ಎರಡನ್ನೂ ಹೋಲಿಸಿ. ಐಡಲಿನಲ್ಲಿ ಸುಮಾರು 300 ಬಾರ್ ಇರುವ ಒತ್ತಡ ಪೂರ್ಣ ಹೊರೆಯಲ್ಲಿ 1,000 ಬಾರ್ ದಾಟುತ್ತದೆ. ಕೇಳಿದ್ದಕ್ಕಿಂತ ದೊರೆತದ್ದು ಬಹಳ ಹಿಂದೆ ಬಿದ್ದರೆ ಪಂಪನ್ನು ದೂರುವ ಮೊದಲು, ಸಿಲಿಂಡರಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರುಗಳ ರಿಟರ್ನ್ (ಮರಳಿ ಬರುವ ಡೀಸೆಲ್) ಪರೀಕ್ಷೆ ಮಾಡಿಸಿ: ನಾಲ್ಕೂ ಇಂಜೆಕ್ಟರುಗಳ ರಿಟರ್ನ್ ಬಾಯಿಗೆ ಪಾರದರ್ಶಕ ಪೈಪಿನಿಂದ ಒಂದೊಂದು ಬಾಟಲಿ ಜೋಡಿಸಿ ಎಂಜಿನ್ ಓಡಿಸಿದರೆ, ಯಾವ ಬಾಟಲಿ ಉಳಿದವುಗಳಿಗಿಂತ ಬೇಗ ತುಂಬುತ್ತದೆಯೋ ಆ ಇಂಜೆಕ್ಟರ್ ಒಳಗೆ ಸೋರುತ್ತಿದೆ. ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಲೇಬೇಕು. ಎಂಜಿನ್ ಓಡುತ್ತಿರುವಾಗ ರೇಲಿನ ಉಕ್ಕಿನ ಕೊಳವೆಗಳ ನಟ್ಟನ್ನು ಸಡಿಲಿಸಬೇಡಿ, ಸೋರಿಕೆ ಹುಡುಕಲು ಬೆರಳು ಒಡ್ಡಬೇಡಿ. ಆ ಒತ್ತಡದ ಡೀಸೆಲ್ ಚರ್ಮವನ್ನು ಸೀಳಿ ಒಳಹೋಗುತ್ತದೆ, ಕೈಯನ್ನೇ ಕಳೆದುಕೊಳ್ಳಬೇಕಾದೀತು.

ಪೆಟ್ರೋಲ್ ಕಾರಿನಲ್ಲಿ ಇಂಧನ ಹಾಕಿಸಿದ ಮರುದಿನವೇ ಮಿಸ್ಸಿಂಗ್ ಶುರುವಾದರೆ ಟ್ಯಾಂಕಿಗೆ ನೀರು ಸೇರಿರುವ ಸಂಶಯವಿಡಿ. ಎಥೆನಾಲ್ ಬೆರೆತ ಪೆಟ್ರೋಲಿಗೆ ನೀರು ಸೇರಿದರೆ ಎಥೆನಾಲ್ ನೀರಿನೊಡನೆ ಬೇರ್ಪಟ್ಟು ತಳಕ್ಕಿಳಿಯುತ್ತದೆ, ಪಂಪ್ ಹೀರುವುದು ತಳದಿಂದಲೇ. ಬಂಕಿನಲ್ಲಿ ಫಿಲ್ಟರ್ ಪೇಪರ್ ಪರೀಕ್ಷೆ ಕೇಳುವ ಹಕ್ಕು ಗ್ರಾಹಕರಿಗಿದೆ, ಆದರೆ ನೀರಿನ ಸಂಶಯಕ್ಕೆ ಅದು ಸಾಲದು. ಟ್ಯಾಂಕಿನಿಂದ ಬಾಟಲಿಗೆ ತೆಗೆದೇ ನೋಡಬೇಕು. ಶೇಕಡ 20ರಷ್ಟು ಎಥೆನಾಲ್ ಬೆರೆತ ಇ20 ಇಂಧನದಿಂದ ಮೈಲೇಜ್ ಸ್ವಲ್ಪ ಇಳಿಯುವುದು ನಿಜ, ಆದರೆ ಏರಿನಲ್ಲಿ ಕಾರು ನಿಂತೇಹೋಗುವುದಕ್ಕೆ ಅದನ್ನು ಕಾರಣವೆಂದು ಹೇಳಿ ಸುಮ್ಮನಾಗಬೇಡಿ.

ಐದನೆಯ ಹೆಜ್ಜೆ: ಪೆಟ್ರೋಲ್ ಎಂಜಿನ್ನಿನ ಕಿಡಿ

ಚೆಕ್ ಎಂಜಿನ್ ದೀಪ ಮಿಟುಕಿಸುತ್ತಿದ್ದರೆ ಮಿಸ್ಸಿಂಗ್ ತೀವ್ರವಾಗಿದೆ, ಸುಡದ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಾಯಿಸಿ ಕರಗಿಸಬಲ್ಲದು. ಆ ಸ್ಥಿತಿಯಲ್ಲಿ ಕಾರನ್ನು ಜೋರಾಗಿ ಓಡಿಸಬೇಡಿ. ಕೋಡ್ ಪಿ0302 ಎಂದಿದ್ದರೆ ಎರಡನೆಯ ಸಿಲಿಂಡರಿನ ಪ್ಲಗ್‌ಗೆ ವಿದ್ಯುತ್ ಕೊಡುವ ಕಾಯಿಲನ್ನು ಮೂರನೆಯದರ ಜೊತೆ ಅದಲು ಬದಲು ಮಾಡಿ, ಕೋಡ್ ಅಳಿಸಿ, ಓಡಿಸಿ ನೋಡಿ. ಕೋಡ್ ಪಿ0303ಕ್ಕೆ ಹಾರಿದರೆ ಕಾಯಿಲೇ ಅಪರಾಧಿ. ಹಾರದಿದ್ದರೆ ಪ್ಲಗ್‌ಗಳನ್ನು ಹೀಗೆಯೇ ಬದಲಿಸಿ, ಅದಕ್ಕೂ ಜಗ್ಗದಿದ್ದರೆ ಆ ಸಿಲಿಂಡರಿನ ಇಂಜೆಕ್ಟರ್ ಮತ್ತು ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತಲ್ಪಡುವ ಒತ್ತಡ) ಪರೀಕ್ಷಿಸಬೇಕು. ಯಾವ ಹೊಸ ಭಾಗವನ್ನೂ ಕೊಳ್ಳದೆ ಉತ್ತರ ಕೊಡುವ ಈ ಪರೀಕ್ಷೆ ನನಗೆ ಬಹಳ ಇಷ್ಟ.

ಆರನೆಯ ಹೆಜ್ಜೆ: ಹೊಗೆ ಹೊರಹೋಗುವ ದಾರಿ

ಕನ್ವರ್ಟರ್ ಕಟ್ಟಿದ ಕಾರು ಐಡಲಿನಲ್ಲಿ ಚೆನ್ನಾಗಿಯೇ ಇರುತ್ತದೆ, ಆರ್‌ಪಿಎಂ ಏರಿದಷ್ಟೂ ಉಸಿರುಗಟ್ಟುತ್ತದೆ. ಮುಂದಿನ ಆಕ್ಸಿಜನ್ ಸೆನ್ಸರನ್ನು ಬಿಚ್ಚಿ ಆ ಜಾಗದಲ್ಲಿ ಗೇಜ್ ಹಾಕಿದರೆ 2,500 ಆರ್‌ಪಿಎಂನಲ್ಲಿ ಒತ್ತಡ ಸುಮಾರು 0.2 ಬಾರ್ ಮೀರಬಾರದು. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಡಿಪಿಎಫ್ ಕಟ್ಟುವುದು ದಿನವೂ ನಾಲ್ಕೈದು ಕಿಲೋಮೀಟರ್ ಪೇಟೆಯಲ್ಲಿ ಮಾತ್ರ ಓಡಿಸುವವರ ಸಾಮಾನ್ಯ ತೊಂದರೆ. ಒಳಗೆ ಸೇರಿದ ಮಸಿ ಉರಿದುಹೋಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಅಷ್ಟು ಸಣ್ಣ ಓಟದಲ್ಲಿ ಅದು ಬರುವುದಿಲ್ಲ. ಡಿಪಿಎಫ್‌ನ ಎಚ್ಚರಿಕೆಯ ದೀಪ ಹತ್ತಿದೊಡನೆ ಹೆದ್ದಾರಿಯಲ್ಲಿ 2,000 ಆರ್‌ಪಿಎಂ ಮೇಲೆ 15–20 ನಿಮಿಷ ಒಂದೇ ಹದದಲ್ಲಿ ಓಡಿಸಿದರೆ ಬಹಳಷ್ಟು ಸಲ ತಾನಾಗಿ ಶುದ್ಧವಾಗುತ್ತದೆ. ದೀಪವನ್ನು ಕಡೆಗಣಿಸಿ ವಾರಗಟ್ಟಲೆ ಓಡಿಸಿದರೆ ಸರ್ವಿಸ್ ಸೆಂಟರಿನಲ್ಲಿ ಬಲವಂತದ ರಿಜನರೇಷನ್, ಅಂದರೆ ಮಸಿಯನ್ನು ಸುಡುವ ಕೆಲಸ, ಮಾಡಿಸಬೇಕಾಗುತ್ತದೆ. ಡಿಪಿಎಫ್ಅನ್ನೇ ಕಿತ್ತು ಖಾಲಿ ಪೈಪ್ ಹಾಕಿಕೊಡುತ್ತೇವೆ ಎನ್ನುವವರ ಮಾತಿಗೆ ಒಪ್ಪಬೇಡಿ. ಅದು ಕಾನೂನಿಗೆ ವಿರುದ್ಧ, ಹಿಂದೆ ಬರುವವರ ಶ್ವಾಸಕೋಶಕ್ಕೂ ಅನ್ಯಾಯ.

ಕೊನೆಗೆ ಉಳಿಯುವುದು ಕಂಪ್ರೆಷನ್. ಪೆಟ್ರೋಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 10ರಿಂದ 13 ಬಾರ್ ಇರುತ್ತದೆ. ಒಟ್ಟು ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದಾಗ ಅಂಕಿ ಏರಿದರೆ ರಿಂಗ್ ಸವೆದಿವೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟಿನತ್ತ ನೋಡಬೇಕು. ಡೀಸೆಲ್ ಎಂಜಿನ್ನಿನಲ್ಲಿ ಈ ಆಯಿಲಿನ ಪರೀಕ್ಷೆ ಬೇಡ, ಆಯಿಲ್ ಹೊತ್ತಿಕೊಂಡು ಅಪಾಯವಾದೀತು. ಇಲ್ಲಿಂದ ಮುಂದಿನದು ಅನುಭವಿ ಮೆಕ್ಯಾನಿಕರ ಕೆಲಸ.

ಯಾವ ಹೆಜ್ಜೆಯಲ್ಲಿ ಕಾರಣ ಸಿಕ್ಕರೂ ದುರಸ್ತಿಯ ನಂತರ ಅದೇ ಏರಿನಲ್ಲಿ, ಅದೇ ಗೇರಿನಲ್ಲಿ, ಮೊದಲಿನಷ್ಟೇ ಜನರನ್ನು ಕೂರಿಸಿಕೊಂಡು ಮತ್ತೊಮ್ಮೆ ಅಳೆಯಿರಿ. ಒಮ್ಮೆಗೆ ಒಂದೇ ಭಾಗ ಬದಲಿಸಿದ್ದರೆ ಮಾತ್ರ ಆ ಅಳತೆಗೆ ಅರ್ಥವಿರುತ್ತದೆ. ಹೊಸ ಪೈಪ್ ಹಾಕಿದ ಮರುದಿನ ಬೆಳಿಗ್ಗೆ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಾರ್ಮಾಡಿಯ ಅದೇ ತಿರುವುಗಳನ್ನು ಹತ್ತಿದೆ. ಹಿಂದಿನ ವಾರ 130 ಕಿಲೋಪಾಸ್ಕಲ್ ದಾಟದಿದ್ದ ಅಂಕಿಯನ್ನು ಅವನು ಒಂದೊಂದಾಗಿ ಓದಿ ಹೇಳುತ್ತಿದ್ದ: 160, 185, 205, 210. ಕಾರು ಮೂರನೆಯ ಗೇರಿನಲ್ಲಿತ್ತು, ಕನ್ನಡಿಯಲ್ಲಿ ಹಿಂದಿನ ರಸ್ತೆ ಸ್ವಚ್ಛವಾಗಿ ಕಾಣುತ್ತಿತ್ತು.